ಗಣಕಯಂತ್ರದ ವಾದ್ಯಗಳು: ಒಂದು ವಿವೇಚನೆ

ವರ್ಣಮಾಲೆಯನ್ನು ಬಲ್ಲವರೆಲ್ಲರೂ ಕವಿಗಳಾಗಲಾರರು. ಆದರೆ ವರ್ಣಮಾಲೆಯನ್ನರಿಯದೆ ಕಾವ್ಯರಚನೆಯೂ ಅಸಾಧ್ಯ. ಇಂದು ಸಂಗೀತ ತಯಾರಿಕೆಯಲ್ಲಿ ಬಳಕೆಗೆ ಬಂದಿರುವ ‘ಸ್ಯಾಂಪಲ್’ ವಾದ್ಯಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಗಣಕಯಂತ್ರದಲ್ಲಿ ಸಕಲ ವಾದ್ಯಗಳೂ ದೊರೆಯುವಾಗ ಶಾಲೆಗೆ ಸಂಗೀತದ ಅಧ್ಯಾಪಕರೇಕೆ ಎಂದು ಕೇಳುವವರುಂಟು. ಉತ್ತರ ಹೇಳುವುದಕ್ಕೆ ಮುನ್ನ ಆ ವಾದ್ಯದ ಸ್ವರೂಪವನ್ನು ತಿಳಿಯುವುದು ಯುಕ್ತ.

ನಿಜವಾದ ವಾದ್ಯದ ಸ್ವರಗಳನ್ನು ಬಿಡಿಬಿಡಿಯಾಗಿ ಧ್ವನಿಮುದ್ರಿಸಿ, ಕೀಲಿಮಣೆಯ ಮನೆಗಳಿಗೆ ಹೊಂದಿಸಿ, ಬೇಕಾದಾಗ ನುಡಿಸುವುದೇ ಇದರ ತತ್ತ್ವ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಿರ್ಮಿತವಾದ ಮೆಲೊಟ್ರಾನ್ ವಾದ್ಯದಲ್ಲಿ ಪ್ರತಿಯೊಂದು ಮನೆಗೂ ಒಂದು ಟೇಪಿನ ಪಟ್ಟಿಯಿತ್ತು. ಸುಮಾರು 8 ಸೆಕೆಂಡುಗಳಲ್ಲಿ ಅದರ ನಾದ ಮುಗಿಯುತ್ತಿತ್ತು. 1979ರಲ್ಲಿ ಸಿಡ್ನಿ ನಗರದಿಂದ ಬಂದ ಫೇರ್‌ಲೈಟ್ ಯಂತ್ರವು ನಾದವನ್ನು ಅಂಕಿಗಳಾಗಿಸಿ ಸಂಗ್ರಹಿಸಿತು. 1999ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯ ವಿ.ಎಸ್.ಟಿ. ಪದ್ಧತಿಯ ಎರಡನೆಯ ಆವೃತ್ತಿಯಿಂದ ವಾದ್ಯವೇ ಪ್ಲಗ್‌ಇನ್ ರೂಪದಲ್ಲಿ ಗಣಕಯಂತ್ರದೊಳಗೆ ಬಂದು ನೆಲೆಸಿತು.

ಉಚಿತವಾಗಿ ದೊರೆಯುವ ‘ಸಲಮಾಂಡರ್’ ಪಿಯಾನೊವನ್ನು ನಿದರ್ಶನವಾಗಿ ನೋಡೋಣ. ಪಿಯಾನೊದ 88 ಮನೆಗಳ ಪೈಕಿ ಮೂರಕ್ಕೊಂದರಂತೆ 30 ಸ್ವರಗಳನ್ನು ಆಯ್ದು, ಒಂದೊಂದನ್ನೂ ಮೃದುವಿನಿಂದ ತೀವ್ರದವರೆಗೆ 16 ಬಗೆಯ ಬಲದಲ್ಲಿ ನುಡಿಸಿ ಮುದ್ರಿಸಲಾಗಿದೆ. ಒಟ್ಟು 480 ಧ್ವನಿಮಾದರಿಗಳು. ನಡುವಣ ಮನೆಗಳಿಗೆ ಸಮೀಪದ ಮಾದರಿಯನ್ನೇ ತುಸು ವೇಗವಾಗಿ ಅಥವಾ ನಿಧಾನವಾಗಿ ಓಡಿಸುತ್ತಾರೆ. ಒಂದು ಮನೆ ಏರಲು ಸುಮಾರು 6ರಷ್ಟು ಶೇಕಡಾ ವೇಗ ಹೆಚ್ಚಬೇಕು. ಬಹುದೂರ ಎಳೆದರೆ ನಾದದ ಸಹಜತೆ ಕೆಡುತ್ತದೆ.

ಬಳಸುವವರು ಗಮನಿಸಬೇಕಾದುದು ಇಷ್ಟು. ಒತ್ತಿನ ಬಲವನ್ನು ಯಂತ್ರವು 1ರಿಂದ 127ರವರೆಗೆ ಎಣಿಸುತ್ತದೆ. ಎಲ್ಲ ಸ್ವರಗಳಿಗೂ ಒಂದೇ ಸಂಖ್ಯೆಯನ್ನಿತ್ತರೆ, ಏರಿಳಿತವಿಲ್ಲದೆ ಪದ್ಯವನ್ನೊಪ್ಪಿಸುವ ಬಾಲಕನಂತೆ ವಾದ್ಯ ನೀರಸವಾಗುತ್ತದೆ. ಒಂದೇ ಸ್ವರ ಮರುಕಳಿಸುವಾಗ ಒಂದೇ ಮಾದರಿಯನ್ನು ಬಳಸದೆ, ಲಭ್ಯವಿದ್ದರೆ ಬೇರೆ ಬೇರೆ ಮಾದರಿಗಳನ್ನು ಸರದಿಯಿಂದ ಬಳಸಬೇಕು. ಕೊಳಲಿನ ಭಾಗವನ್ನು ಬರೆಯುವಾಗ ಉಸಿರಿಗೆ ಎಡೆಬಿಡಬೇಕು.

ಇಷ್ಟಾದರೂ ಮುಖ್ಯ ಪ್ರಶ್ನೆಯೊಂದು ಉಳಿಯುತ್ತದೆ. ನಮ್ಮ ಸಂಗೀತದ ಜೀವವು ಸ್ವರಗಳಲ್ಲಿರುವಷ್ಟೇ ಸ್ವರಗಳ ನಡುವಣ ಸಂಚಾರದಲ್ಲಿಯೂ ಇದೆ. ವೈಣಿಕರು ಮೆಟ್ಟಿಲಿನ ಮೇಲೆ ತಂತಿಯನ್ನೆಳೆದು ಕಂಪಿತವನ್ನು ನುಡಿಸುವಾಗ, ಒಂದು ಸ್ವರ ಮುಗಿದು ಇನ್ನೊಂದು ಆರಂಭವಾಗುವ ಗೆರೆಯೇ ಕಾಣದು. 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಮ್ಮನ್ನು ನಿಷೇಧಿಸಿದಾಗ ಈ ಸಂಚಾರಕ್ಕೆ ಅದರಲ್ಲಿ ಎಡೆಯಿಲ್ಲವೆಂಬುದು ಆಕ್ಷೇಪಗಳಲ್ಲೊಂದಾಗಿತ್ತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಬಿಡಿ ಸ್ವರಗಳನ್ನು ಮಾತ್ರ ಮುದ್ರಿಸಿಕೊಂಡ ಯಂತ್ರವೀಣೆಗೂ ಆ ಆಕ್ಷೇಪ ಅನ್ವಯಿಸುತ್ತದೆ.

ಸ್ವರವನ್ನು ಬಾಗಿಸುವ ಚಕ್ರವೊಂದು ಕೀಲಿಮಣೆಯಲ್ಲಿ ಇರುವುದುಂಟು. ಆದರೆ ತೋಡಿಯ ಗಾಂಧಾರಕ್ಕೆ ಎಷ್ಟು ಬಾಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಚಕ್ರವು ಹೇಳದು; ಗುರುಮುಖದಿಂದ ಪಳಗಿದ ಕಿವಿಯೇ ಹೇಳಬೇಕು. ಆದುದರಿಂದ ಯಂತ್ರವು ಬಂದುದರಿಂದ ಅಧ್ಯಾಪಕರ ಅಗತ್ಯ ಕುಗ್ಗಿಲ್ಲ, ಹೆಚ್ಚಿದೆ. ಶಾಲೆಗೆ ಗಣಕಯಂತ್ರವನ್ನು ದಾನವೀಯುವ ಮಹನೀಯರು ಅದರ ಪಕ್ಕದಲ್ಲಿ ಒಂದು ವೀಣೆಗೂ, ಅದನ್ನು ಕಲಿಸುವವರಿಗೂ ಸ್ಥಳ ಕಲ್ಪಿಸಿದರೆ ಆ ದಾನವು ಪೂರ್ಣವಾದೀತು.