ರೊಟ್ಟಿ ಬಡಿಯಲೇ? ಜಾತ್ರೆಗೆ ಹೋಗಲೇ? ಕ್ಯಾನ್ಸರ್ ಚಿಕಿತ್ಸೆಯ ನಂತರದ ದಿನಗಳು

ಈ ಸಲ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಆಪರೇಷನ್ ಆಗಿದೆ, ಕೀಮೋ ಆಗಿದೆ, ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿದ್ದಾಗಿದೆ. ಮನೆಗೆ ಬಂದ ಮೇಲೆ ಹೇಗಿರಬೇಕು ಎಂದು ಯಾರೂ ಬಿಡಿಸಿ ಹೇಳಿಲ್ಲ. ಅದಕ್ಕೇ ಈ ಅಂಕಣವನ್ನು ಪೂರ್ತಿ ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಇಳಕಲ್‌ನವಳು, ನಮ್ಮದು ನೇಕಾರರ ಮನೆ. ಎಡ ಸ್ತನದ ಕ್ಯಾನ್ಸರ್‌ಗೆ ಹುಬ್ಬಳ್ಳಿಯಲ್ಲಿ ಆಪರೇಷನ್, ಕೀಮೋ, ಕರೆಂಟ್ ಎಲ್ಲ ಮುಗಿದು ನಾಲ್ಕು ತಿಂಗಳಾಯಿತು. ಮನೆಯಲ್ಲಿ ಒಂದು ಕಡ್ಡಿ ಎತ್ತಿಡಲೂ ಬಿಡುವುದಿಲ್ಲ. ರೊಟ್ಟಿ ಬಡಿಯಲು ಕೂತರೆ ಸೊಸೆ ಬಂದು ಹಿಟ್ಟು ಕಸಿದುಕೊಳ್ಳುತ್ತಾಳೆ, ಮಗ್ಗದ ಕಂಡಿಕಿಗೆ ನೂಲು ಸುತ್ತಲು ಹೋದರೆ ಯಜಮಾನರು ಬೈಯುತ್ತಾರೆ. “ನೀ ಸುಮ್ಮ ಕುಂದ್ರು” ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಆದರೆ ಮೈ ಮಾತ್ರ ಯಾವಾಗಲೂ ದಣಿದೇ ಇರುತ್ತದೆ. ನಾನು ಕೆಲಸ ಮಾಡಬಹುದೇ?

ಉತ್ತರ: ಅಕ್ಕಾರ, ಮಾಡಬಹುದು. ಮಾಡಲೇಬೇಕು ಎಂದು ಹೇಳುವವನು ನಾನು. ಈ ಉತ್ತರವನ್ನು ದಯವಿಟ್ಟು ನಿಮ್ಮ ಯಜಮಾನರಿಗೂ ಸೊಸೆಗೂ ಓದಿ ಹೇಳಿ.

ಮೊದಲು ದಣಿವಿನ ಮಾತು. ಇದು ಹೊಲದಲ್ಲಿ ದುಡಿದು ಬಂದಾಗಿನ ದಣಿವಲ್ಲ. ಆ ದಣಿವು ರಾತ್ರಿ ಮಲಗಿದರೆ ಹೋಗುತ್ತದೆ. ಇದು ಮಲಗಿದಷ್ಟೂ ಹೆಚ್ಚುತ್ತದೆ. ಹಾಸಿಗೆ ಹಿಡಿದವರ ಸ್ನಾಯುಗಳು ಕೆಲವೇ ದಿನಗಳಲ್ಲಿ ಸೊರಗುತ್ತವೆ, ಸೊರಗಿದ ಸ್ನಾಯುಗಳಿಗೆ ಸಣ್ಣ ಕೆಲಸವೂ ಭಾರವಾಗುತ್ತದೆ. ಈ ಸುಳಿಯಿಂದ ಹೊರಗೆ ಬರಲು ನಡಿಗೆಯಷ್ಟು ಒಳ್ಳೆಯ ಔಷಧ ಇನ್ನೊಂದಿಲ್ಲ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹತ್ತು ನಿಮಿಷ ನಡೆಯಿರಿ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತ ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನಕ್ಕೆ ತನ್ನಿ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಎಂಟು ವರ್ಷಗಳ ನಂತರ ಸುಮಾರು 90 ಪ್ರತಿಶತ ಜನ ಬದುಕಿದ್ದರು. ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ ಸುಮಾರು 83 ಪ್ರತಿಶತ. ಅದು ಕರುಳಿನ ಕ್ಯಾನ್ಸರ್‌ನ ಲೆಕ್ಕ, ನಿಮ್ಮ ಕಾಯಿಲೆಗೆ ಅದನ್ನೇ ಹಾಗೇ ಹಚ್ಚಲಾಗದು. ಆದರೂ “ಕ್ಯಾನ್ಸರ್ ಆದವರು ಅಲುಗಾಡಬಾರದು” ಎಂಬ ನಂಬಿಕೆ ಎಷ್ಟು ತಪ್ಪು ಎಂಬುದಕ್ಕೆ ಅಷ್ಟು ಸಾಕು. ನಾಲ್ಕು ತಿಂಗಳಾದರೂ ದಣಿವು ತಗ್ಗದಿದ್ದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಡೆದರೆ ಉಸಿರು ಹತ್ತುತ್ತದೆ, ಕಾಲು ಬಾವು ಬರುತ್ತದೆ ಎಂದಾದರೆ ತಡಮಾಡದೆ ಹೃದಯದ ತಪಾಸಣೆ ಆಗಬೇಕು. ಕೆಲವು ಕೀಮೋ ಔಷಧಗಳು ಹೃದಯಕ್ಕೂ ಪೆಟ್ಟು ಕೊಡುತ್ತವೆ.

ಇನ್ನು ರೊಟ್ಟಿ. ಕಂಕುಳಿನ ಗಂಟುಗಳನ್ನು ತೆಗೆದ ಕಡೆಯ ಕೈಗೆ ಬಾವು ಬರಬಹುದು ಎಂಬ ಭಯ ನಿಮ್ಮ ಮನೆಯವರದು. ಭಯ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಕೈ ಕಟ್ಟಿ ಕೂರುವುದಲ್ಲ. ಒಂದು ಕಾಲದಲ್ಲಿ ನಾವು ವೈದ್ಯರೇ “ಆ ಕೈಯಿಂದ ಏನೂ ಎತ್ತಬೇಡಿ” ಎನ್ನುತ್ತಿದ್ದೆವು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು, ಆಗಲೇ ಕೈ ಬಾವು ಬಂದಿದ್ದ ಮಹಿಳೆಯರಿಗೆ ನಿಧಾನವಾಗಿ ಏರಿಸುತ್ತ ಭಾರ ಎತ್ತಿಸಿ, ಬಾವು ಹೆಚ್ಚುವುದಿಲ್ಲ ಎಂದು ತೋರಿಸಿದ ಮೇಲೆ ಸಲಹೆ ಬದಲಾಯಿತು. ಗುಟ್ಟು ಇರುವುದು “ನಿಧಾನವಾಗಿ” ಎಂಬಲ್ಲಿ. ಮೊದಲ ವಾರ ಹಿಟ್ಟು ನಾದಿ ಕೊಡಿ, ಎರಡೇ ರೊಟ್ಟಿ ಬಡಿಯಿರಿ, ಉಳಿದದ್ದು ಸೊಸೆ ಬಡಿಯಲಿ. ಮರುದಿನ ಕೈ ಭಾರ ಎನಿಸದಿದ್ದರೆ ಮುಂದಿನ ವಾರ ನಾಲ್ಕು. ಭಾರ ಎನಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ತುಂಬಿದ ಕೊಡ ಎತ್ತುವುದನ್ನು ಕೊನೆಗಿಟ್ಟುಕೊಳ್ಳಿ.

ಕಂಡಿಕಿ ಸುತ್ತುವುದಂತೂ ಇವತ್ತೇ ಶುರು ಮಾಡಿ. ಕುಣಿಮಗ್ಗಕ್ಕೆ ಇಳಿಯುವುದು ಬೇರೆ ಲೆಕ್ಕ. ಅಲ್ಲಿ ಕಾಲು ತುಳಿಯುತ್ತ, ಒಂದು ಕೈ ಲಾಳಿಯ ಹಗ್ಗ ಎಳೆಯುತ್ತ, ಇನ್ನೊಂದು ಕೈ ಬಡಿಯುತ್ತ ಗಂಟೆಗಟ್ಟಲೆ ನಡೆಯುವ ಕೆಲಸ. ಭುಜ ಪೂರ್ತಿ ಮೇಲೆದ್ದು ಕೈ ಕಿವಿಗೆ ತಾಗುವಂತಾದ ಮೇಲೆ, ಹದಿನೈದು ಹದಿನೈದು ನಿಮಿಷ ಮಾಡಿ ನೋಡಿ. ಕಸೂತಿ ಹಾಕುವ ಅಭ್ಯಾಸವಿದ್ದರೆ ಬೆರಳಿಗೆ ಟೋಪಿ ಹಾಕಿಕೊಳ್ಳಿ. ಕೀಮೋದಿಂದ ಬೆರಳ ತುದಿ ಜೋಮು ಹಿಡಿದಿದ್ದರೆ ಸೂಜಿ ಚುಚ್ಚಿದ್ದೂ ಹಂಚು ಸುಟ್ಟಿದ್ದೂ ಗೊತ್ತಾಗುವುದಿಲ್ಲ, ಆ ಕೈಯ ಸಣ್ಣ ಗಾಯವೂ ಕೀವಾಗಬಹುದು. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಆ ಕೈಗೆ ಬಿಗಿಯಾದ ಬಳೆ, ತೋಳಿಗೆ ಗೆರೆ ಮೂಡಿಸುವ ಕುಬಸ ಬೇಡ. ಗುಳೇದಗುಡ್ಡದ ಖಣದ ಕುಬಸವನ್ನೇ ತುಸು ಸಡಿಲ ಹೊಲಿಸಿ, ಒಳಗೆ ಮೆತ್ತನೆ ಬಟ್ಟೆಯ ಜೇಬು ಇಡಿಸಿ, ಅದರಲ್ಲಿ ಹತ್ತಿ ತುಂಬಿದ ಮೆತ್ತೆ ಇಟ್ಟುಕೊಳ್ಳಬಹುದು. ಮದುವೆ ಮನೆಗೆ ಹೋಗಲು ಹಿಂಜರಿಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಇಷ್ಟರಿಂದಲೇ ಮತ್ತೆ ಹೋಗತೊಡಗಿದ್ದಾರೆ.

ಸೊಸೆಗೆ ಒಂದು ಮಾತು: ತಂಗೀ, ನೀನು ಅತ್ತೆಯನ್ನು ಜೋಪಾನ ಮಾಡುತ್ತಿರುವುದು ಪ್ರೀತಿಯಿಂದ, ಅದು ನನಗೆ ಗೊತ್ತು. ಆದರೆ ಇಪ್ಪತ್ತೈದು ವರ್ಷ ಮನೆ ನಡೆಸಿದವರ ಕೈಯಿಂದ ಎಲ್ಲ ಕೆಲಸ ಕಸಿದುಕೊಂಡರೆ “ನಾನು ಈ ಮನೆಗೆ ಇನ್ನು ಬೇಡ” ಎಂದು ಅವರಿಗೆ ಅನಿಸುತ್ತದೆ. ಆ ನೋವಿಗೆ ನನ್ನ ಬಳಿ ಮಾತ್ರೆ ಇಲ್ಲ. ಅತ್ತೆಯ ಪಕ್ಕದಲ್ಲಿ ಕೂತು ಇಬ್ಬರೂ ಸೇರಿ ರೊಟ್ಟಿ ಬಡಿಯಿರಿ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಹುನಗುಂದ ತಾಲೂಕಿನವರು. ತಂಬಾಕು ತಿನ್ನುತ್ತಿದ್ದರು. ಬಾಯಿ ಕ್ಯಾನ್ಸರ್‌ಗೆ ಆಪರೇಷನ್, ಕರೆಂಟ್ ಆಗಿದೆ. ಈಗ ಯಾರ ಜೊತೆಗೂ ಊಟಕ್ಕೆ ಕೂರುವುದಿಲ್ಲ, ತಾಟು ತೆಗೆದುಕೊಂಡು ಒಳಗೆ ಹೋಗುತ್ತಾರೆ. ರೊಟ್ಟಿ ನುಂಗಲು ಆಗುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ತಂದೆಗೆ ಎರಡು ಕಷ್ಟ ಇವೆ. ಒಂದು ಬಾಯಿಯದು, ಇನ್ನೊಂದು, ಉಣ್ಣುವಾಗ ಬಾಯಿಂದ ಚೆಲ್ಲುತ್ತದೆ, ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆ. ಎರಡಕ್ಕೂ ಒಟ್ಟಿಗೇ ಮದ್ದು ಮಾಡಬೇಕು.

ಕರೆಂಟ್ ಆದವರಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಗಾಗಿ ಒಣ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಖಡಕ್ ರೊಟ್ಟಿಯನ್ನು ಸದ್ಯಕ್ಕೆ ಮರೆಯಿರಿ. ಬಿಸಿ ಮೆತ್ತನೆ ರೊಟ್ಟಿಯನ್ನು ಹಾಲಿನಲ್ಲೋ ಬೇಳೆ ಸಾರಿನಲ್ಲೋ ಕಿವುಚಿ ಕೊಡಿ. ಜೋಳದ ನುಚ್ಚು ಮಜ್ಜಿಗೆಯೊಡನೆ ಸಲೀಸಾಗಿ ಇಳಿಯುತ್ತದೆ. ಶೇಂಗಾ ಹಿಂಡಿಯಿಂದ ಖಾರ ತೆಗೆದು, ಬರೀ ಹುರಿದ ಶೇಂಗಾ ಪುಡಿಯನ್ನು ನುಣ್ಣಗೆ ಮಾಡಿ ಗಂಜಿಗೆ ಕಲಸಿದರೆ ಶಕ್ತಿಯೂ ಪ್ರೋಟೀನೂ ಸಿಗುತ್ತದೆ. ತಿನ್ನುವವರಾದರೆ ಮೊಟ್ಟೆಯನ್ನು ಮೆತ್ತಗೆ ಬೇಯಿಸಿ ಕೊಡಿ. ರುಚಿ ಹತ್ತುತ್ತಿಲ್ಲ ಎಂದರೆ ಹಟ ಎಂದುಕೊಳ್ಳಬೇಡಿ. ನಾಲಿಗೆಯ ರುಚಿ ಮರಳಲು ತಿಂಗಳುಗಳೇ ಬೇಕಾಗುತ್ತವೆ. ನೀರು ಕುಡಿದರೂ ಕೆಮ್ಮು ಬರುತ್ತಿದ್ದರೆ ಅದು ಶ್ವಾಸನಾಳಕ್ಕೆ ಹೋಗುತ್ತಿರಬಹುದು, ಕೂಡಲೇ ತೋರಿಸಿ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಅಡುಗೆ ಸೋಡಾ ಹಾಕಿಟ್ಟು ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ಬಾಯಿ ತೆರೆಯಲು ಐಸ್‌ಕ್ರೀಮ್ ಕಡ್ಡಿಗಳ ಅಭ್ಯಾಸವಿದೆ: ಮೇಲಿನ ಕೆಳಗಿನ ಹಲ್ಲುಗಳ ನಡುವೆ ಹಿಡಿಯುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಅರ್ಧ ನಿಮಿಷ ತಡೆಯುವುದು, ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚಿಸುವುದು. ಅವರದೇ ಮೂರು ಬೆರಳು ನಿಲ್ಲಿಸಿ ಹೋಗುವಷ್ಟು ಬಾಯಿ ತೆರೆದರೆ ಸಾಕು. ನೋಯುತ್ತದೆ ಎಂದು ನಿಲ್ಲಿಸಿದರೆ ದವಡೆ ಇನ್ನಷ್ಟು ಬಿಗಿಯುತ್ತದೆ. ಹಲ್ಲು ನೋವು ಬಂದರೆ ಕರೆಂಟ್ ಆಗಿದೆ ಎಂದು ಹೇಳದೆ ಮಾತ್ರ ಹಲ್ಲು ಕೀಳಿಸಬೇಡಿ. ಕರೆಂಟ್ ಬಿದ್ದ ದವಡೆ ಮೂಳೆ ಸುಲಭಕ್ಕೆ ಮಾಯುವುದಿಲ್ಲ.

ಈಗ ಒಳಗೆ ಹೋಗುವ ತಾಟಿನ ವಿಷಯ. ಅವರನ್ನು ಹೊರಗೆ ಕರೆಯುವ ಬದಲು ನೀವೇ ನಿಮ್ಮ ತಾಟು ತೆಗೆದುಕೊಂಡು ಒಳಗೆ ಹೋಗಿ ಪಕ್ಕದಲ್ಲಿ ಕೂರಿ. ಅವರು ಉಣ್ಣುವ ನುಚ್ಚನ್ನೇ ನೀವೂ ಉಣ್ಣಿ. ಬೇಗ ಮುಗಿಸಿ ಏಳಬೇಡಿ, ಅವರಿಗೆ ಮುಕ್ಕಾಲು ಗಂಟೆ ಬೇಕು. ಕೆಲವು ವಾರ ಹೀಗೆ ನಡೆದರೆ ಪಡಸಾಲೆಗೆ ಬರುತ್ತಾರೆ.

ತಂಬಾಕಿನ ಸಂಗತಿಯನ್ನು ಎತ್ತಿ ಆಡಿ ನೋಯಿಸಬೇಡಿ, ಆದರೆ ಮತ್ತೆ ಮುಟ್ಟದಂತೆ ನೋಡಿಕೊಳ್ಳುವುದು ಚಿಕಿತ್ಸೆಯಷ್ಟೇ ಮುಖ್ಯ. ನಿಮ್ಮ ಪಕ್ಕದ ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಜನ್ಮದಿನ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಮನೆಯ ಉಳಿದ ಗಂಡಸರೂ ಗುಟ್ಕಾ ಚೀಟಿಗಳನ್ನು ಬಿಟ್ಟರೆ ನಿಮ್ಮ ತಂದೆಗೆ ಬಿಡುವುದು ಎಷ್ಟೋ ಸುಲಭ.

ಪ್ರಶ್ನೆ: ಬಾದಾಮಿಯವಳು. ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ ನಡೆದಿದೆ. ಬನಶಂಕರಿ ಜಾತ್ರೆ ಬರುತ್ತಿದೆ, ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಹೋಗಲೇ?

ಉತ್ತರ: ಹೋಗಿ ಬನ್ನಿ, ದಿನ ನೋಡಿಕೊಂಡು. ಕೀಮೋ ಹಾಕಿದ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರಕ್ತದ ಬಿಳಿ ಕಣಗಳು ತೀರ ಇಳಿದಿರುತ್ತವೆ. ಆ ದಿನಗಳಲ್ಲಿ ಗದ್ದಲಕ್ಕೆ ಹೋಗಬಾರದು. ಮುಂದಿನ ಕೀಮೋಗೆ ಮೊದಲಿನ ಮೂರ್ನಾಲ್ಕು ದಿನ ಒಳ್ಳೆಯವು. ರಥ ಎಳೆಯುವ ಬನದ ಹುಣ್ಣಿಮೆಯ ನೂಕುನುಗ್ಗಲು ಬಿಟ್ಟುಬಿಡಿ. ಜಾತ್ರೆ ವಾರಗಟ್ಟಲೆ ಇರುತ್ತದೆ. ಜನ ಕಡಿಮೆ ಇರುವ ಮುಂಜಾನೆ ಮಾಸ್ಕ್ ಹಾಕಿಕೊಂಡು ದೇವಿಯ ದರ್ಶನ ಮಾಡಿ. ಗುಡಿಯ ಮುಂದೆ ಬುಟ್ಟಿ ಹೊತ್ತು ಕೂರುವ ಅವ್ವಂದಿರ ರೊಟ್ಟಿ, ಮೊಸರು, ಕರಿಂಡಿ ಕಂಡು ಆಸೆಯಾಗುತ್ತದೆ, ಗೊತ್ತು. ಈ ವರ್ಷ ಮಾತ್ರ ಮನೆಯ ಬುತ್ತಿ, ಮನೆಯ ನೀರು. ನಾಟಕ ಕಂಪನಿಯ ಆಟ ನೋಡುವ ಹಂಬಲವಿದ್ದರೆ ಹಗಲಿನ ಆಟಕ್ಕೆ ಹೋಗಿ, ಗಾಳಿಯಾಡುವ ಬದಿಯಲ್ಲಿ ಕೂತು ನೋಡಿ, ಸಾಕೆನಿಸಿದಾಗ ಎದ್ದು ಬನ್ನಿ.

ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, “ಕೀಮೋ ನಡೆದಿದೆ” ಎಂದು ಮೊದಲು ಹೇಳಿ. ಕೀಮೋ ನಡೆದವರಲ್ಲಿ ಈ ಜ್ವರ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಹುದು.

ಪ್ರಶ್ನೆ: ಬಾಗಲಕೋಟೆ ನವನಗರ. ಕ್ಯಾನ್ಸರ್ ಆಗಿದೆ ಎಂದು ಎರಡು ವರ್ಷದ ಮೊಮ್ಮಗನನ್ನು ನನ್ನ ಹತ್ತಿರ ಬಿಡುತ್ತಿಲ್ಲ. ಕರೆಂಟ್ ಕೊಟ್ಟ ಮೈಯಿಂದ ಮಗುವಿಗೆ ತೊಂದರೆಯೇ?

ಉತ್ತರ: ಇಲ್ಲ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಅಂಟುವುದಿಲ್ಲ. ಯಂತ್ರದ ಕೆಳಗೆ ಮಲಗಿಸಿ ಕೊಡುವ ಕರೆಂಟ್ ಮೈಯಲ್ಲಿ ಉಳಿಯುವುದೂ ಇಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ತುತ್ತು ಮಾಡಿ ಉಣಿಸಿ. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣ ಅಯೋಡಿನ್ ಕುಡಿಸಿದವರು ಮಾತ್ರ ಆಸ್ಪತ್ರೆಯವರು ಹೇಳಿದಷ್ಟು ದಿನ ಮಕ್ಕಳಿಂದ ದೂರ ಇರಬೇಕು. ಕೀಮೋ ಹಾಕಿದ ಮೊದಲ ಎರಡು ದಿನ ಮಲಮೂತ್ರದಲ್ಲಿ ಔಷಧದ ಅಂಶ ಇರುತ್ತದೆ. ಪಾಯಖಾನೆಗೆ ಎರಡು ಸಲ ನೀರು ಹಾಕಿ, ವಾಂತಿ ಬಳಿಯುವವರು ಕೈಗವಸು ಹಾಕಿಕೊಳ್ಳಲಿ. ಕೀಮೋ ನಡೆದಿರುವಾಗ ಮಗುವಿಗೆ ಜ್ವರ, ನೆಗಡಿ, ಅಮ್ಮ ಎದ್ದಿದ್ದರೆ ದೂರ ಇಡಬೇಕಾದದ್ದು ನಿಮ್ಮ ಸಲುವಾಗಿ, ಮಗುವಿನ ಸಲುವಾಗಿ ಅಲ್ಲ.

ಪ್ರಶ್ನೆ: ಹೆಸರು, ಊರು ಬೇಡ. ಹೆಂಡತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕರೆಂಟ್ ಆಗಿ ಆರು ತಿಂಗಳು. ಅವಳ ಹತ್ತಿರ ಹೋಗಲು ನನಗೇ ಹೆದರಿಕೆ. ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ.

ಉತ್ತರ: ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು, ಯಾರೂ ಕೇಳುವುದಿಲ್ಲ. ನೀವು ಹತ್ತಿರ ಹೋಗದಿರುವುದನ್ನು ಅವರು ಅಸಹ್ಯ ಎಂದುಕೊಂಡಿರಬಹುದು. ಹೆದರಿಕೆಯಿಂದ ದೂರ ಇದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಕೂಡುವುದರಿಂದ ಕಾಯಿಲೆ ಮರಳುವುದಿಲ್ಲ, ನಿಮಗೆ ಕ್ಯಾನ್ಸರ್ ಬರುವುದೂ ಇಲ್ಲ. ಕರೆಂಟಿನಿಂದ ಯೋನಿ ಒಣಗಿ ಬಿಗಿಯುತ್ತದೆ, ಅದಕ್ಕೆ ನೀರಿನಂಶದ ಜೆಲ್, ಹಿಗ್ಗಿಸುವ ನಳಿಗೆ ಇವೆ. ಚಿಕಿತ್ಸೆ ಕೊಟ್ಟಲ್ಲಿಯ ಮಹಿಳಾ ವೈದ್ಯರನ್ನೋ ನರ್ಸನ್ನೋ ಇಬ್ಬರೂ ಕೂಡಿಯೇ ಹೋಗಿ ಕೇಳಿ. ರಕ್ತ ಹೋದರೆ ತೋರಿಸಬೇಕು. ಅಲ್ಲಿಯವರೆಗೆ ಕೈ ಹಿಡಿದು ಮಲಗಲು ಯಾವ ಡಾಕ್ಟರ ಅಪ್ಪಣೆಯೂ ಬೇಡ.

ಪ್ರಶ್ನೆ: ಅವ್ವನನ್ನು ಮಾತಾಡಿಸಲು ಬರುವ ಬೀಗರು, ನೆಂಟರು ಅತ್ತು ಕರೆದು, ಕ್ಯಾನ್ಸರ್‌ನಿಂದ ಸತ್ತವರ ಕಥೆ ಹೇಳಿ ಹೋಗುತ್ತಾರೆ. ಮೂರು ತಿಂಗಳಿಗೊಮ್ಮೆ ಚೆಕಪ್ ಬಂತೆಂದರೆ ಅವ್ವ ವಾರ ಮೊದಲೇ ನಿದ್ದೆ ಬಿಡುತ್ತಾರೆ. (ಹುನಗುಂದ)

ಉತ್ತರ: ಬಾಗಿಲಲ್ಲೇ ನೀವು ಎದುರಾಗಿ, “ಅವ್ವನ ಮುಂದ ಕಾಯಿಲೆ ಸುದ್ದಿ ಬ್ಯಾಡ್ರಿ, ಬ್ಯಾರೆ ಏನಾರ ಮಾತಾಡ್ರಿ” ಎಂದು ಕೈಮುಗಿದು ಹೇಳಿಬಿಡಿ. ಯಾರಾದರೂ ಸಿಟ್ಟಾದರೆ ಆಗಲಿ. ಹಾಗೆಂದು ಕಾಯಿಲೆಯನ್ನೇ ಮುಚ್ಚಿಡಬೇಕಿಲ್ಲ. ನಟ ಶಿವರಾಜಕುಮಾರ್ ತಮ್ಮ ಮೂತ್ರಕೋಶದ ಕ್ಯಾನ್ಸರ್ ಬಗ್ಗೆ ತಾವೇ ಮಾತಾಡಿದರು. 2024ರ ಡಿಸೆಂಬರ್‌ನಲ್ಲಿ ಮಿಯಾಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮರುತಿಂಗಳು ಊರಿಗೆ ಬಂದು, ಮತ್ತೆ ಕೆಲಸಕ್ಕೆ ಹೋದರು. ಅವ್ವನಿಗೆ ಅದನ್ನು ಹೇಳಿ.

ಚೆಕಪ್‌ನ ಹೆದರಿಕೆ ಪೂರ್ತಿ ಹೋಗುವಂಥದ್ದಲ್ಲ. ಆ ವಾರ ಅವ್ವನನ್ನು ಒಬ್ಬರೇ ಬಿಡಬೇಡಿ, ಹಗಲು ಕೈಗೆ ಕೆಲಸ ಕೊಡಿ. ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರೂ ಕೂತು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೂ ನಿದ್ದೆ, ಊಟ ಎರಡು ವಾರ ತಪ್ಪಿದರೆ ಮನೋವೈದ್ಯರನ್ನು ಕಾಣಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ ಬೆಂಗಳೂರಿನ ಕಿದ್ವಾಯಿಗಾಗಲಿ ಚೆಕಪ್‌ಗೆ ರೈಲಿನಲ್ಲಿ ಹೋಗುವುದಾದರೆ, ಆಸ್ಪತ್ರೆಯಿಂದ ರಿಯಾಯಿತಿ ಫಾರ್ಮ್ ಬರೆಸಿಕೊಂಡು ಬಾಗಲಕೋಟೆಯ ಅಥವಾ ಬಾದಾಮಿಯ ಸ್ಟೇಷನ್ ಕೌಂಟರ್‌ನಲ್ಲಿ ಕೊಡಿ. ಸ್ಲೀಪರ್‌ನಲ್ಲಿ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ 75 ಪ್ರತಿಶತ.