ಲಕ್ಷ್ಮಣಫಲದ ಕಷಾಯ ಕೊಟ್ಟು ಕೀಮೋ ನಿಲ್ಲಿಸಬಹುದೇ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್ ಮೂಳೆಗೂ ಯಕೃತ್ತಿಗೂ ಹರಡಿದೆ. ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಹಾಕುತ್ತಿದ್ದಾರೆ. ಕೂದಲು ಉದುರಿದೆ, ಕೈಕಾಲು ಜೋಮು ಹಿಡಿಯುತ್ತದೆ. ‘ಆ ಕೆಮಿಕಲ್ ಬಿಡಿಸಿ, ಲಕ್ಷ್ಮಣಫಲದ ಎಲೆಯ ಕಷಾಯ, ಅರಿಶಿನದ ಮಾತ್ರೆ ಕೊಡಿ, ಹರಡುವುದು ನಿಲ್ಲುತ್ತದೆ’ ಎನ್ನುತ್ತಾರೆ ನೆಂಟರು. ಏನು ಮಾಡಲಿ ಡಾಕ್ಟ್ರೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬಿಡಿಸಿ ಎನ್ನುತ್ತಿರುವ ಆ ಔಷಧಿಯೂ ಮರದಿಂದಲೇ ಬಂದದ್ದು. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆಯನ್ನು ಮನ್ರೋ ವಾಲ್, ಮನ್ಸುಖ್ ವಾನಿ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ರೋಗಿಗಳಿಗೆ ಕೊಡಲು ಅಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ನಡುವಿನ ಇಪ್ಪತ್ತೊಂದು ವರ್ಷ ಸುಮ್ಮನೆ ಕಳೆದದ್ದಲ್ಲ. ಎಷ್ಟು ಕೊಟ್ಟರೆ ಗುಣ, ಎಷ್ಟಕ್ಕೆ ವಿಷ ಎಂದು ಅಳೆದದ್ದೂ ಆ ಕಾಲದಲ್ಲೇ.

ನಿಮ್ಮ ಮಲೆನಾಡಿನದೇ ಉದಾಹರಣೆ ಹೇಳುತ್ತೇನೆ. ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಇದೆ. ಮೊದಲು ಚೀನಾದ ಮರವೊಂದರಲ್ಲಿ ಸಿಕ್ಕ ಈ ವಸ್ತುವನ್ನು 1970ರ ಸುಮಾರಿಗೆ ರೋಗಿಗಳ ಮೇಲೆ ಪರೀಕ್ಷಿಸಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪ್ರಯೋಗವನ್ನೇ ಕೈಬಿಡಬೇಕಾಯಿತು. ಅದನ್ನೇ ಮಾರ್ಪಡಿಸಿದ ಇರಿನೊಟೆಕಾನ್ ಇಂದು, ಹರಡಿದ ಕರುಳಿನ ಕ್ಯಾನ್ಸರ್‌ಗೆ ನಾವು ನಿತ್ಯ ಬಳಸುವ ಮದ್ದು. ಆದರೆ ಆ ಮರದ ತೊಗಟೆಯನ್ನೇ ಕುದಿಸಿ ಕುಡಿದರೆ ಅಪಾಯ.

ಲಕ್ಷ್ಮಣಫಲದ ಸಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ನಿಜ. ಮನುಷ್ಯರಲ್ಲಿ ಹರಡುವಿಕೆ ತಡೆದದ್ದಕ್ಕೆ ಪುರಾವೆಯಿಲ್ಲ. ಅದರಲ್ಲಿರುವ ಅನೊನಾಸಿನ್ ನರಕೋಶಗಳಿಗೆ ಹಾನಿಕರ. ಗ್ವಾಡೆಲೂಪ್ ದ್ವೀಪದಲ್ಲಿ ಆ ಹಣ್ಣು, ಎಲೆಯ ಕಷಾಯ ಹೆಚ್ಚು ಸೇವಿಸುವವರಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆ ಕಂಡು ವೈದ್ಯರು ಎಚ್ಚರಿಸಿದ್ದಾರೆ. ಜೋಮು ಹಿಡಿದ ಅಮ್ಮನ ನರಗಳಿಗೆ ಆ ಹೊರೆ ಬೇಡ.

ಅರಿಶಿನ ಸಾರು, ಪಲ್ಯದಲ್ಲಿ ಇರಲಿ. ಅದರಲ್ಲಿರುವ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಹೀರಿಕೆ ಹೆಚ್ಚಲೆಂದು ಕರಿಮೆಣಸಿನ ಸಾರ ಬೆರೆಸಿದ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳಿವೆ. ಪ್ಯಾಕ್ಲಿಟ್ಯಾಕ್ಸೆಲ್ ಕರಗಬೇಕಾದ್ದೂ ಯಕೃತ್ತಿನಲ್ಲೇ.

ಜೋಮನ್ನು ಮಾತ್ರ ಸಹಿಸಿಕೊಂಡು ಕೂರಬೇಡಿ. ಗುಂಡಿ ಹಾಕಲು, ಚಪ್ಪಲಿ ಮೆಟ್ಟಲು ಕಷ್ಟವಾಗುತ್ತಿದೆಯೇ ಎಂದು ಕೇಳಿ, ಕ್ಯಾನ್ಸರ್ ತಜ್ಞರಿಗೆ ತಿಳಿಸಿ. ಡೋಸ್ ಇಳಿಸಬಹುದು, ಔಷಧಿಯನ್ನೇ ಬದಲಿಸಬಹುದು. ಕೂದಲು ಮತ್ತೆ ಬೆಳೆಯುತ್ತದೆ.

ಕಷಾಯ ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಗದರಿಸುವುದಿಲ್ಲ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಿರಿ.