ಗಾಣದ ಫೋನು ತಾಮ್ರ ಬಿಟ್ಟು ಗಾಜಿನೆಳೆಗೆ ಬಂತು

ಚಳ್ಳಕೆರೆ ಸೀಮೆಯಲ್ಲಿ ನನಗೆ ಒಂಬತ್ತು ಎಕರೆ ಖುಷ್ಕಿ ಜಮೀನು. ಮಳೆ ಹಿಡಿದರೆ ಶೇಂಗಾ, ಕೈಕೊಟ್ಟರೆ ಹುರುಳಿ. ಬರೀ ಕಾಯಿ ಮಾರಿ ಗಿಟ್ಟದು ಅಂತ 1998ರಲ್ಲಿ ಸಣ್ಣದೊಂದು ಎಣ್ಣೆ ಗಾಣ ಹಾಕಿದೆ. ಅದೇ ವರ್ಷ ಲ್ಯಾಂಡ್‌ಲೈನ್ ಬಂತು. ಎಣ್ಣೆ ಡಬ್ಬದ ಮೇಲೆ ಆ ನಂಬರನ್ನೇ ಅಚ್ಚು ಹಾಕಿಸಿದೆ. ಎಣ್ಣೆಗೂ ಹಿಂಡಿಗೂ ಗಿರಾಕಿಗಳು ಇವತ್ತಿಗೂ ಅದಕ್ಕೇ ಫೋನು ಹಚ್ಚೋದು. ನಂಬರು ಹೋದರೆ ವ್ಯಾಪಾರ ಹೋದ ಹಾಗೆ.

2021ರಲ್ಲಿ ರಸ್ತೆ ಅಗಲ ಮಾಡುವಾಗ ಜೆಸಿಬಿ ನೆಲದೊಳಗಿನ ಕೇಬಲ್ ಕಿತ್ತು ಹಾಕಿತು. ಹತ್ತೊಂಬತ್ತು ದಿನ ಫೋನು ಸತ್ತಿತ್ತು. ಮೂರು ಅಂಗಡಿಯವರು ಬೇರೆ ಕಡೆ ಎಣ್ಣೆ ಹಿಡಿದರು, ಒಬ್ಬರು ಮರಳಿ ಬರಲೇ ಇಲ್ಲ. ಮರುವರ್ಷ ಊರಿಗೆ ಫೈಬರ್ ಬಂದಾಗ ಅದಕ್ಕೆ ಬದಲಾದೆ. ಓದಿದ್ದು ಏಳನೇ ಕ್ಲಾಸು. ಅಣ್ಣನ ಮಗನನ್ನು ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮಾತು ಹೋಗುವುದು ಹೇಗೆ?

ಹಳೆಯ ಫೋನಿನಲ್ಲಿ ಎಕ್ಸ್‌ಚೇಂಜಿನಿಂದ ನಮ್ಮ ಮನೆ ತನಕ ಒಂದು ಜೊತೆ ತಾಮ್ರದ ತಂತಿ ನಮಗೇ ಮೀಸಲು. ಹೊಸದರಲ್ಲಿ ಹಾಗಿಲ್ಲ. ಶೇಂಗಾ ರಾಶಿಯನ್ನು ಚೀಲಕ್ಕೆ ತುಂಬಿ, ವಿಳಾಸದ ಚೀಟಿ ಕಟ್ಟಿ ಲಾರಿಗೆ ಹಾಕುತ್ತೇವಲ್ಲ, ಮಾತನ್ನೂ ಹಾಗೇ ತುಂಡು ಮಾಡಿ ಕಳಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಚೀಲ. ಒಂದೊಂದರಲ್ಲಿ ಮಾತು 160 ಬೈಟ್, ಚೀಟಿ 40 ಬೈಟ್. ಲೆಕ್ಕ ಹಾಕಿದರೆ ಒಂದು ಗಂಟೆ ಮಾತಿಗೆ ಹೋಗಲಿಕ್ಕೆ 36 ಎಂಬಿ, ಬರಲಿಕ್ಕೆ ಅಷ್ಟೇ. ಸಿನಿಮಾ ನೋಡುವುದರ ಮುಂದೆ ಇದು ಏನೂ ಅಲ್ಲ.

ಆದರೆ ಚೀಲ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ತಡವಾಗಿ ಬಂದ ಚೀಲವನ್ನು ಬಿಸಾಡುತ್ತದೆ, ಆಗ ಮಾತು ಕತ್ತರಿಸುತ್ತದೆ. ನಮ್ಮಲ್ಲಿ ಮೊಮ್ಮಗ ದೊಡ್ಡ ವಿಡಿಯೋ ಕಳಿಸುವಾಗ ಹೀಗಾಗುತ್ತಿತ್ತು. ರೌಟರಿನಲ್ಲಿ ಫೋನಿಗೆ ಮೊದಲ ದಾರಿ ಬಿಡುವ ವ್ಯವಸ್ಥೆ ಇದ್ದರೆ ಹಾಕಿಸಿಕೊಳ್ಳಿ.

ವಾಟ್ಸಾಪ್ ಸಾಲದೇ?

ಹಲವರು ಕೇಳಿದ್ದಾರೆ. ಸಾಲದು. ವಾಟ್ಸಾಪ್ ಇದ್ದವರಿಗೆ ಮಾತ್ರ ಅದರ ಕರೆ. ನನ್ನ ಹಿಂಡಿ ಗಿರಾಕಿಗಳಲ್ಲಿ ಅರ್ಧ ಜನರ ಬಳಿ ಗುಂಡಿ ಒತ್ತುವ ಫೋನು. ಇಂಟರ್ನೆಟ್ ಕರೆ ಸಾಮಾನ್ಯ ನಂಬರಿಗೂ ಹೋಗಿ ಬರಲು ಲೈಸೆನ್ಸ್ ಇರುವ ಕಂಪನಿಗಳಿಗೆ 2018ರಲ್ಲಿ ಸರ್ಕಾರ ದಾರಿ ಮಾಡಿಕೊಟ್ಟಿದೆ. ಮೊಬೈಲಿನಲ್ಲಿ ಆ್ಯಪ್ ಹಾಕಿಕೊಳ್ಳುವುದು ಒಂದು ವಿಧ. ಫೈಬರ್ ಪೆಟ್ಟಿಗೆಯ ಹಿಂದಿನ ಫೋನ್ ತೂತಿಗೆ ಹಳೆ ಫೋನನ್ನೇ ಸಿಕ್ಕಿಸುವುದು ಇನ್ನೊಂದು. ನಾನು ಎರಡನೆಯದು ಮಾಡಿದೆ. ಹೆಂಡತಿಗೆ ಹೊಸದೇನೂ ಕಲಿಯಬೇಕಾಗಲಿಲ್ಲ.

ನಾನು ಎಡವಿದ್ದು

2022ರ ನವೆಂಬರ್. ಶೇಂಗಾ ಕಿತ್ತು ಕಣದಲ್ಲಿ ಬಣವೆ ಹಾಕಿದ್ದೆವು. ರಾತ್ರಿ ಕಾವಲಿಗಿದ್ದ ಆಳಿಗೆ ಹಾವು ಕಚ್ಚಿತು. ಓಡಿ ಬಂದು ಫೋನು ಎತ್ತಿದೆ, ಸದ್ದೇ ಇಲ್ಲ. ಕರೆಂಟು ಹೋಗಿತ್ತು. ನಮ್ಮ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಸಿಗದು. ಕತ್ತಲಲ್ಲಿ ದಿಬ್ಬ ಹತ್ತಿ 108ಕ್ಕೆ ಹೇಳುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ದೇವರು ದೊಡ್ಡವನು, ಆಳು ಉಳಿದ. ಆ ಅರ್ಧ ಗಂಟೆ ಮಾತ್ರ ನಾನು ಸಾಯೋತನಕ ಮರೆಯುವುದಿಲ್ಲ.

ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಅದಕ್ಕೇ ಊರೆಲ್ಲ ಕತ್ತಲಾದರೂ ಫೋನು ಬಡಿದುಕೊಳ್ಳುತ್ತಿತ್ತು. ಗಾಜಿನೆಳೆಯಲ್ಲಿ ಬರುವುದು ಬರೀ ಬೆಳಕು. ಪೆಟ್ಟಿಗೆಗೆ ನಾವೇ ಕರೆಂಟು ಕೊಡಬೇಕು. ಇದನ್ನು ಜೋಡಿಸಲು ಬಂದವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುವಾರವೇ ರೌಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ತಂದೆ. ಸುಮಾರು 1,400 ರೂಪಾಯಿ ಬಿತ್ತು. ಮೂರು ತಾಸು ಎಳೆಯುತ್ತದೆ. ಔಷಧಿ ಹೊಡೆಯುವ ಪಂಪಿನ ಬ್ಯಾಟರಿಯೂ 12 ವೋಲ್ಟೇ ಅಂತ ನೇರ ಕೊಡಲು ಹೋಗಬೇಡಿ. ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ, ಪೆಟ್ಟಿಗೆ ಸುಟ್ಟೀತು. ಇನ್ನೊಂದು ಮಾತು: ನಮ್ಮಲ್ಲಿ ಕರೆಂಟು ಇದ್ದರೆ ಸಾಲದು, ಫೈಬರ್ ಹೊರಡುವ ಕಡೆಯೂ ಬ್ಯಾಟರಿ ಇರಬೇಕು.

ಲಾಭವೂ ಇದೆ. ಮೊದಲು ಸಿಡಿಲು ಬಡಿದರೆ ತಂತಿಯಲ್ಲಿ ಬಂದು ಫೋನು ಸುಡುತ್ತಿತ್ತು. ಗಾಜು ಸಿಡಿಲನ್ನು ತರುವುದಿಲ್ಲ. ಕರೆಂಟಿನ ತಂತಿಯಲ್ಲಿ ಬರಬಹುದು, ಗುಡುಗುವಾಗ ಪ್ಲಗ್ ಕೀಳುವುದು ತಪ್ಪಿದ್ದಲ್ಲ. ಮಳೆಗಾಲದ ಕರಕರ ಸದ್ದೂ ನಿಂತಿದೆ.

ಬದಲಾಗುವವರು ಗಮನಿಸಿ

1. ಹಳೆ ನಂಬರೇ ಉಳಿಯುತ್ತದೆಯೇ ಎಂದು ಮೊದಲು ಕೇಳಿ, ಅರ್ಜಿಯಲ್ಲಿ ಬರೆಸಿ. ಮೊಬೈಲ್ ನಂಬರಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನೂ ಯಾವ ಕಂಪನಿಗಾದರೂ ಒಯ್ಯಬಹುದು ಅಂದುಕೊಳ್ಳಬೇಡಿ.

2. ಹೊಸದರಲ್ಲಿ ಕರೆ ಬರುವುದು, ಹೋಗುವುದು ಎರಡನ್ನೂ ನೋಡುವ ತನಕ ಹಳೆಯದನ್ನು ಕೀಳಿಸಬೇಡಿ.

3. ಬೆರಳಿಟ್ಟು ತಿರುಗಿಸುವ ಹಳೆ ಫೋನು ಹೊಸ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ನಡೆಯದು. ಗುಂಡಿ ಒತ್ತುವುದು ಬೇಕು.

4. 108, 112ಕ್ಕೆ ಕರೆ ಹೋಗುತ್ತದೆಯೇ ಕೇಳಿಕೊಳ್ಳಿ. ಆ್ಯಪ್ ಬಳಸುವವರು ತಪ್ಪದೆ ಕೇಳಬೇಕು. ಕರೆ ಹೋದರೂ ನಾವಿರುವ ಜಾಗ ಅವರಿಗೆ ಗೊತ್ತಾಗದೆ ಇರಬಹುದು, ಊರು, ದಾರಿ ಬಾಯಲ್ಲೇ ಹೇಳಿ.

5. ಜೋಡಿಸಿದ ದಿನವೇ ಮನೆಯ ಮೇನ್ ಸ್ವಿಚ್ ಆರಿಸಿ ಫೋನು ಎತ್ತಿ ನೋಡಿ.

ಈ ಐದನೆಯದನ್ನು ಮೊದಲ ದಿನ ಮಾಡಿದ್ದರೆ ಆ ರಾತ್ರಿ ನಾನು ದಿಬ್ಬ ಹತ್ತಬೇಕಿರಲಿಲ್ಲ. ನೀವು ಮಾಡಿ.